ಅಪ್ಪನ ಪಾಲಿನೊಳಗೊಂದು ಪಾಲು: 15 ಎಕರೆ, 2 ಸಂಸಾರ, 3 ಲೆಕ್ಕ

2023ರ ಸೆಪ್ಟೆಂಬರ್ ಮೊದಲ ವಾರ. ಕೋರ್ಟ್ ಮುಗಿಸಿ ಆಫೀಸಿಗೆ ಬಂದರೆ ಬೆಂಚಿನ ಮೇಲೆ ಒಬ್ಬ ಹುಡುಗ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ. ಹುಡುಗ ಅಂದರೆ ಮೂವತ್ತರ ಆಸುಪಾಸು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಪೇಪರ್ ತುಂಡು ತೆಗೆದು ಮೇಜಿನ ಮೇಲೆ ಹರವಿದ. ಅಸಿಂಧು, ಅಂದರೆ ಕಾನೂನು ಒಪ್ಪದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿದೆ ಅನ್ನೋ ಸುದ್ದಿ. ಮಡಿಸಿ ಮಡಿಸಿ ತಲೆಬರಹದ ಮಧ್ಯದ ಅಕ್ಷರಗಳು ಅಳಿಸಿಹೋಗಿದ್ದವು.

"ಸಾರ್, ಇನ್ನು ನಮಗೂ ಸಮಪಾಲು ಅಲ್ವಾ?"

"ಪಾಲು ಇದೆಯಪ್ಪಾ. ಸಮಪಾಲು ಇಲ್ಲ" ಅಂದೆ.

ಈ ಎರಡು ಮಾತಿನ ನಡುವಿನ ಅಂತರ ತಿಳಿಸೋಕೆ ಒಂದೂವರೆ ಗಂಟೆ ಹಿಡಿಯಿತು. ಅವನ ಮನೆ ವಿಷಯ ಅವನಿಗೇ ಇರಲಿ. ಆ ಪೇಪರ್ ತುಂಡಿನ ಹಿಂದೆ ಇದ್ದ ಕೇಸನ್ನು ಮಾತ್ರ ಇಲ್ಲಿ ಬಿಡಿಸಿ ಇಡುತ್ತೇನೆ. ಅದು ನಮ್ಮ ಕರ್ನಾಟಕದಿಂದಲೇ ದೆಹಲಿಗೆ ಹೋದ ಕೇಸು. ಕಾನೂನು ವರದಿಗಳಲ್ಲಿ ‘ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ’ ಅಂತ ಇದೆ. ಇದಕ್ಕಿಂತ ಹೆಚ್ಚಿನ ಹೆಸರು ನಮಗೆ ಬೇಡ.

ಮನೆಯೊಳಗೆ ಯಾರ್ಯಾರು

ಒಬ್ಬ ಅಪ್ಪ. ಮೊದಲ ಹೆಂಡತಿ, ಆಕೆಗೆ ಇಬ್ಬರು ಮಕ್ಕಳು. ಎರಡನೇ ಹೆಂಡತಿ, ಆಕೆಗೂ ಇಬ್ಬರು. ದಾವೆ ಹೂಡಿದ್ದು ಮೊದಲ ಹೆಂಡತಿ ಮತ್ತು ಆಕೆಯ ಮಕ್ಕಳು. ಎದುರಿಗೆ ಅಪ್ಪ, ಎರಡನೇ ಹೆಂಡತಿ, ಆಕೆಯ ಮಕ್ಕಳು. ಅಪ್ಪ ಬದುಕಿರುವಾಗಲೇ ಹೂಡಿದ ದಾವೆ ಇದು. ಇದೊಂದು ನೆನಪಿಡಿ, ಮುಂದೆ ಬೇಕಾಗುತ್ತೆ.

ವಾದಿಗಳು ಹೇಳಿದ್ದು ಇಷ್ಟು: ಆಸ್ತಿ ಪಿತ್ರಾರ್ಜಿತ. ನಮ್ಮ ಸಂಸಾರ ಇದ್ದ ಹಾಗೇ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ. ಆ ಮದುವೆಯ ಮಕ್ಕಳು ಹುಟ್ಟಿನಿಂದ ಪಾಲುದಾರರಾಗೋದಿಲ್ಲ. ನಮಗೆ ತಲಾ 1/4 ಪಾಲು ಬೇರೆ ಮಾಡಿಕೊಡಿ.

ಎದುರು ಪಾರ್ಟಿಯವರದು ಮೂರು ಉತ್ತರ. ಒಂದು ಸ್ವತ್ತು ಬಿಟ್ಟರೆ ಉಳಿದದ್ದೆಲ್ಲ ಸ್ವಯಾರ್ಜಿತ. ಕಾನೂನುಬದ್ಧ ಹೆಂಡತಿ ಅಂದರೆ ನೀವು ‘ಎರಡನೆಯವಳು’ ಅನ್ನುತ್ತಿರುವವಳೇ. ಮೂರನೆಯದು, ಬಾಯಿಮಾತಿನಲ್ಲಿ ಪಾಲು ಯಾವಾಗಲೋ ಆಗಿಹೋಗಿದೆ.

ಪಾಲಿನ ದಾವೆಗಳಲ್ಲಿ ಈ ಮೂರೂ ಸಿದ್ಧ ಉತ್ತರಗಳು. ಆದರೆ ಮೊದಲನೆಯದರಲ್ಲಿ ಜಾಣತನ ಇದೆ. ಆಸ್ತಿ ಅಪ್ಪನ ಸ್ವಂತ ದುಡಿಮೆಯದ್ದು ಅಂತಾದರೆ ಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕೇ ಇಲ್ಲ. ಅಪ್ಪ ಬೇಕಾದವರಿಗೆ ದಾನಪತ್ರ ಬರೆಯಬಹುದು, ಮಾರಬಹುದು. ಏನೂ ಮಾಡದೆ ಸತ್ತರೂ ನಾಲ್ಕು ಮಕ್ಕಳು ಸರಿಸಮ. ಅಂದರೆ ಎರಡನೇ ಸಂಸಾರದವರಿಗೆ ‘ಸ್ವಯಾರ್ಜಿತ’ ಅನ್ನೋ ಮಾತೇ ದೊಡ್ಡ ಆಸರೆ. ಇಂಥ ಕೇಸುಗಳು ಹೊರಗಿನಿಂದ ಮದುವೆಯ ಜಗಳದ ಹಾಗೆ ಕಾಣುತ್ತವೆ. ಪಹಣಿ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಜಮೀನು ಎಲ್ಲಿಂದ ಬಂತು ಅನ್ನೋದರ ಜಗಳ.

ಎರಡನೇ ಮದುವೆ ಯಾಕೆ ಶೂನ್ಯ

ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ಕ್ಕೆ. ಅದರ 5ನೇ ಕಲಮಿನ ಮೊದಲ ಷರತ್ತೇ ಇದು: ಮದುವೆ ದಿನ ಗಂಡಿಗಾಗಲಿ ಹೆಣ್ಣಿಗಾಗಲಿ ಬದುಕಿರುವ ಸಂಗಾತಿ ಇರಬಾರದು. ಇದ್ದರೆ 11ನೇ ಕಲಮಿನ ಪ್ರಕಾರ ಆ ಮದುವೆ ಶೂನ್ಯ. ಕೋರ್ಟು ‘ಶೂನ್ಯ’ ಅಂತ ಬರೆದುಕೊಡಲೇಬೇಕು ಅಂತಿಲ್ಲ, ಮೊದಲ ದಿನದಿಂದಲೇ ಅದು ಇಲ್ಲ. ನಿಷಿದ್ಧ ಸಂಬಂಧ, ಸಪಿಂಡ ಸಂಬಂಧ, ಅಂದರೆ ಹತ್ತಿರದ ನೆಂಟರೊಳಗಿನ ಮದುವೆಗಳೂ ಇದೇ ಸಾಲಿಗೆ ಬರುತ್ತವೆ. ಅವಕ್ಕೆ ಮಾತ್ರ ರೂಢಿಯ ವಿನಾಯಿತಿ ಇದೆ. ಇಲ್ಲದಿದ್ದರೆ ನಮ್ಮ ಸೋದರಮಾವ–ಸೊಸೆ ಮದುವೆಗಳ ಗತಿ ಏನಾಗುತ್ತಿತ್ತು!

ಮೋಸ, ಬಲವಂತ, ನಪುಂಸಕತ್ವದಂಥ ಕಾರಣಗಳಿದ್ದಾಗ ಕತೆ ಬೇರೆ. ಅಲ್ಲಿ ಯಾರಾದರೂ ಕೋರ್ಟಿಗೆ ಹೋಗಿ ರದ್ದು ಮಾಡಿಸುವವರೆಗೂ ಮದುವೆ ಊರ್ಜಿತವಾಗೇ ಇರುತ್ತೆ. ನಮ್ಮ ಕೇಸಿಗೆ ಅದು ಬೇಕಿಲ್ಲ.

ಹಳೇ ತಲೆಮಾರಿನ ಕೇಸು ಬಂದರೆ ನಾನು ಮೊದಲು ಕೇಳೋದು ಮದುವೆಯ ಇಸವಿ. ಹಳೆಯ ಹಿಂದೂ ಶಾಸ್ತ್ರದಲ್ಲಿ ಗಂಡಸು ಎರಡನೇ ಮದುವೆ ಮಾಡಿಕೊಳ್ಳೋಕೆ ಅಡ್ಡಿ ಇರಲಿಲ್ಲ. 1955ಕ್ಕೂ ಮುಂಚೆ ಊರ್ಜಿತವಾಗಿ ಇಬ್ಬರು ಹೆಂಡಿರಿದ್ದರೆ ಇಬ್ಬರೂ ವಿಧವೆಯರೇ, ಇಬ್ಬರೂ ಸೇರಿ ಒಂದು ಪಾಲು ತೆಗೆದುಕೊಳ್ಳುತ್ತಾರೆ. ಆದರೆ ಧಾರವಾಡ, ಬೆಳಗಾವಿ, ಬಿಜಾಪುರದ ಕಡೆಯವರಿಗೆ ಈ ಅನುಕೂಲ ಬೇಗನೇ ತಪ್ಪಿತು. ಆಗ ಅವು ಮುಂಬೈ ಪ್ರಾಂತ್ಯದಲ್ಲಿದ್ದವು, ಅಲ್ಲಿ 1946ರಲ್ಲೇ ಹಿಂದೂಗಳ ದ್ವಿಪತ್ನಿತ್ವ ತಡೆಯುವ ಕಾಯ್ದೆ ಬಂದಿತ್ತು. ಮದರಾಸಿನಲ್ಲಿ 1949ರಲ್ಲಿ ಬಂತು. ಹೀಗಾಗಿ 1950ರಲ್ಲಿ ಆದ ಒಂದೇ ಥರದ ಎರಡು ಮದುವೆಗಳಲ್ಲಿ ಒಂದು ಊರ್ಜಿತ, ಇನ್ನೊಂದು ಅಸಿಂಧು ಆಗಬಹುದು. ನಿರ್ಧಾರ ಆಗೋದು ಆಗಿನ ರಾಜ್ಯದ ಗಡಿಯಿಂದ.

ಇನ್ನು ಒಪ್ಪಿಗೆಯ ಮಾತು. "ಮೊದಲನೆಯವಳೇ ಮುಂದೆ ನಿಂತು ಅಕ್ಕಿಕಾಳು ಹಾಕಿದಳು" ಅನ್ನೋದನ್ನು ಎಷ್ಟು ಸಲ ಕೇಳಿದ್ದೇನೋ. ಮಕ್ಕಳಾಗಲಿಲ್ಲ ಅಂತ ಆಕೆಯೇ ಹುಡುಗಿ ಹುಡುಕಿ ತಂದಿರಬಹುದು. ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಮೊದಲ ಹೆಂಡತಿಯ ಒಪ್ಪಿಗೆಯಿಂದ ಎರಡನೇ ಮದುವೆ ಊರ್ಜಿತ ಆಗೋದಿಲ್ಲ.

ಬಿಡುಗಡೆ ಪತ್ರ ಇನ್ನೊಂದು ತಲೆನೋವು. ಊರ ಹಿರಿಯರು ಕೂತು, ಛಾಪಾ ಕಾಗದದ ಮೇಲೆ ‘ಇಂದಿನಿಂದ ನಿನಗೂ ನನಗೂ ಸಂಬಂಧವಿಲ್ಲ’ ಅಂತ ಬರೆಸಿ, ಎರಡೂ ಕಡೆ ಹೆಬ್ಬೆಟ್ಟು ಒತ್ತಿಸಿ, ಮೇಲೊಂದು ನೋಟರಿ ಸೀಲು ಹಾಕಿಸಿರುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದನ್ನು ಸೋಡಚೀಟಿ ಅಂತಾರೆ. ಆ ಜಾತಿಯಲ್ಲಿ ಹೀಗೆ ಬಿಡಿಸಿಕೊಳ್ಳುವ ಹಳೆಯ ರೂಢಿ ಇದೆ ಅಂತ ಸಾಬೀತು ಮಾಡಿದರೆ 29ನೇ ಕಲಮು ಅದನ್ನು ಒಪ್ಪುತ್ತೆ. ಆದರೆ ಸಾಬೀತು ಮಾಡೋದು ಸುಲಭ ಇಲ್ಲ. ರೂಢಿ ಇದೆ ಅಂತ ಸುಮ್ನೆ ಹೇಳಿದರೆ ಸಾಲದು. ಯಾವ ಕಾಲದಿಂದ, ಯಾರ್ಯಾರ ಮನೆಯಲ್ಲಿ, ಹೇಗೆ ಅಂತ ಸಾಕ್ಷಿ ಹೇಳಿಸಬೇಕು. ನೋಟರಿ ಸೀಲು ಇದ್ದ ಮಾತ್ರಕ್ಕೆ ವಿಚ್ಛೇದನ ಆಗೋದಿಲ್ಲ. ನಮ್ಮ ಕೇಸಿನ ಅಪ್ಪನಿಗೂ ಮೊದಲ ಹೆಂಡತಿಯನ್ನು ಬಿಟ್ಟಿದ್ದು ಸಾಬೀತು ಮಾಡೋಕೆ ಆಗಲಿಲ್ಲ.

ಒಂದೇ ಜಮೀನು, ಮೂರು ಭಾಗಾಕಾರ

ಇಲ್ಲಿಂದ ಲೆಕ್ಕ ಶುರು. ಸುಲಭವಾಗಲಿ ಅಂತ 15 ಎಕರೆ ಜಮೀನು ಅಂದುಕೊಳ್ಳೋಣ. ಇದು ನನ್ನ ಲೆಕ್ಕದ ಜಮೀನು, ಕೇಸಿನದ್ದಲ್ಲ. ಎಕರೆಗೆ 40 ಗುಂಟೆ.

2005ರಲ್ಲಿ ವಿಚಾರಣಾ ನ್ಯಾಯಾಲಯ ತೀರ್ಪು ಕೊಟ್ಟಿತು. ಬಾಯಿಮಾತಿನ ಪಾಲು ಸಾಬೀತಾಗಿಲ್ಲ, ವಿಚ್ಛೇದನವೂ ಇಲ್ಲ, ಆಸ್ತಿ ಪಿತ್ರಾರ್ಜಿತವೇ, ಎರಡನೇ ಮದುವೆ ಶೂನ್ಯ. ವಾದಿಗಳಿಗೆ ತಲಾ 1/4. ನಮ್ಮ ಜಮೀನಿನಲ್ಲಿ ಹೇಳೋದಾದರೆ ಮೊದಲ ಹೆಂಡತಿಗೆ, ಆಕೆಯ ಇಬ್ಬರು ಮಕ್ಕಳಿಗೆ 3 ಎಕರೆ 30 ಗುಂಟೆಯಂತೆ. ಉಳಿದ ಅಷ್ಟೇ ಜಮೀನು ಅಪ್ಪನದು.

ಅದೇ ವರ್ಷ ಮೊದಲ ಮೇಲ್ಮನವಿ ನ್ಯಾಯಾಲಯ ಇದನ್ನು ತಿರುಗಿಸಿತು. ಶೂನ್ಯ ಮದುವೆಯ ಮಕ್ಕಳೂ ಪಾಲುದಾರರ ಸಮಾನ, ಮೂವರು ವಾದಿಗಳು, ಅಪ್ಪ, ಎರಡನೇ ಹೆಂಡತಿಯ ಇಬ್ಬರು ಮಕ್ಕಳು, ಒಟ್ಟು ಆರು ಜನಕ್ಕೆ ತಲಾ 1/6. ತಲೆಗೆ 2 ಎಕರೆ 20 ಗುಂಟೆ. ಆ ಹುಡುಗ ಬಯಸಿದ್ದ ಸಮಪಾಲು ಅಂದರೆ ಇದೇ.

ವಾದಿಗಳು ಹೈಕೋರ್ಟಿಗೆ ಹೋದರು. ಹೈಕೋರ್ಟು ಇನ್ನೂ ಕಟ್ಟುನಿಟ್ಟು. ಪಿತ್ರಾರ್ಜಿತದಲ್ಲಿ ಹುಟ್ಟಿನ ಪಾಲುದಾರರು ಅಂದರೆ ಅಪ್ಪ ಮತ್ತು ಮೊದಲ ಹೆಂಡತಿಯ ಇಬ್ಬರು ಮಕ್ಕಳು ಮಾತ್ರ, ಮೂವರಿಗೆ ತಲಾ 1/3 ಅಂದಿತು. ಅಂದರೆ 5 ಎಕರೆಯಂತೆ. ಎರಡನೇ ಹೆಂಡತಿಯ ಮಕ್ಕಳಿಗೆ ಅಪ್ಪ ಬದುಕಿರುವವರೆಗೆ ಏನೂ ಇಲ್ಲ. ಅವನು ವಿಲ್ ಬರೆಯದೆ ಸತ್ತರೆ ಅವನ 5 ಎಕರೆಯಲ್ಲಿ ಅವರಿಗೂ ಪಾಲು.

ಗಮನಿಸಿದಿರಾ? ಹೈಕೋರ್ಟಿನ ಲೆಕ್ಕದಲ್ಲಿ ಮೊದಲ ಹೆಂಡತಿಯೂ ಹೊರಗೆ ಬಿದ್ದಳು. ಕೇಸು ಗೆದ್ದ ಪಾರ್ಟಿಯಲ್ಲೇ ಇದ್ದವಳು, ಕೆಳಗಿನ ಎರಡೂ ಕೋರ್ಟಿನಲ್ಲಿ ಪಾಲು ಪಡೆದವಳು. ಹೆಂಡತಿ ಕೂಡುಕುಟುಂಬದ ಸದಸ್ಯೆ, ನಿಜ. ಆದರೆ ಆ ಮನೆಯಲ್ಲಿ ಹುಟ್ಟಿದವಳಲ್ಲ, ಹಾಗಾಗಿ ಹುಟ್ಟಿನ ಪಾಲುದಾರಳಲ್ಲ. ಅಪ್ಪ–ಮಕ್ಕಳು ಪಾಲಾಗುವಾಗ ತಾಯಿಗೂ ಒಂದು ಪಾಲು ತೆಗೆದಿಡುವ ಪದ್ಧತಿ ಮಿತಾಕ್ಷರ ಅನ್ನೋ ಹಳೆಯ ಹಿಂದೂ ಕಾನೂನು ಗ್ರಂಥದ ಮುಂಬೈ ಶಾಖೆಯಲ್ಲಿದೆ, ದಕ್ಷಿಣದ ಶಾಖೆಯಲ್ಲಿ ಅದು ಬಳಕೆ ತಪ್ಪಿಹೋಗಿದೆ. ಮಿತಾಕ್ಷರ ಅಂದ ಕೂಡಲೇ ಕಾಶಿಯ ಕಡೆಯ ಗ್ರಂಥ ಅಂದುಕೊಳ್ಳುವವರಿದ್ದಾರೆ. ಅದನ್ನು ವಿಜ್ಞಾನೇಶ್ವರ ಬರೆದದ್ದು ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಒಂಬೈನೂರು ವರ್ಷದ ಹಿಂದೆ ಇಲ್ಲೇ ಬರೆದ ಪುಸ್ತಕದ ಮೇಲೆ ನಮ್ಮ ತಾಲ್ಲೂಕು ಕೋರ್ಟುಗಳು ಇನ್ನೂ ಭಾಗಾಕಾರ ಮಾಡುತ್ತಿವೆ.

16ನೇ ಕಲಮಿನ ಎರಡು ಮುಖ

ಮೂರು ಕೋರ್ಟು ಮೂರು ಉತ್ತರ ಕೊಟ್ಟಿದ್ದು ಒಂದೇ ಕಲಮನ್ನು ಓದಿ. ವಿವಾಹ ಕಾಯ್ದೆಯ 16ನೇ ಕಲಮು.

1955ರ ಮೂಲ ಕಾಯ್ದೆಯಲ್ಲಿ ಒಂದು ವಿಚಿತ್ರ ಇತ್ತು. ಕೋರ್ಟು ಮದುವೆಯನ್ನು ಶೂನ್ಯ ಅಂತ ಡಿಕ್ರಿ ಮಾಡಿದರೆ ಮಾತ್ರ ಆ ಮಕ್ಕಳು ಸಕ್ರಮ. ಯಾರೂ ಕೋರ್ಟಿಗೆ ಹೋಗದೆ ಅಪ್ಪ–ಅಮ್ಮ ನೆಮ್ಮದಿಯಾಗಿ ಬಾಳಿ ಸತ್ತರೆ ಮಕ್ಕಳು ಅಕ್ರಮವೇ! 1976ರ ತಿದ್ದುಪಡಿ ಇದನ್ನು ಸರಿಮಾಡಿತು. ಡಿಕ್ರಿ ಆಗಲಿ ಬಿಡಲಿ, ಶೂನ್ಯ ಮದುವೆಯ ಮಗು ಸಕ್ರಮ ಅಂದಿತು. ಅದೇ ಕಲಮಿನ ಮೂರನೇ ಉಪಕಲಮು ಮಾತ್ರ ಬೇಲಿ ಹಾಕಿತು: ಈ ಮಕ್ಕಳಿಗೆ ತಂದೆ–ತಾಯಿಯದ್ದು ಬಿಟ್ಟು ಬೇರೆ ಯಾರ ಆಸ್ತಿಯಲ್ಲೂ ಹಕ್ಕು ಹುಟ್ಟೋದಿಲ್ಲ.

ಕಾನೂನು ಮಗುವನ್ನು ಅಪ್ಪನ ಮನೆಯ ಬಾಗಿಲವರೆಗೆ ಕರೆದುಕೊಂಡು ಬಂದು ಅಲ್ಲೇ ನಿಲ್ಲಿಸಿತು. ಒಳಗಿನ ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ ಯಾರೂ ಅದಕ್ಕೆ ಸಂಬಂಧ ಇಲ್ಲ. ಅಜ್ಜನಿಗಿಂತ ಮುಂಚೆ ಅಪ್ಪ ಸತ್ತರೆ ಅಜ್ಜನ ಸ್ವಂತ ಆಸ್ತಿಯಲ್ಲಿ ಈ ಮೊಮ್ಮಕ್ಕಳಿಗೆ ಏನೂ ಬರೋದಿಲ್ಲ. ಅಜ್ಜ ಮೊದಲು ಹೋಗಿ, ಆಸ್ತಿ ಅಪ್ಪನಿಗೆ ಇಳಿದು, ಆಮೇಲೆ ಅಪ್ಪ ಹೋದರೆ ಬರುತ್ತೆ. ಯಾರು ಮೊದಲು ಸತ್ತರು ಅನ್ನೋದರ ಮೇಲೆ ಹಕ್ಕು ನಿಂತಿದೆ. ನನಗೆ ಇದು ಸರಿ ಅನಿಸಿಲ್ಲ. ಆದರೆ ಕಾಯ್ದೆಯ ಅಕ್ಷರ ಅಷ್ಟು ಸ್ಪಷ್ಟವಾಗಿದೆ.

ಜಗಳ ಇದ್ದದ್ದು ಇದರ ಒಳಗಿನ ಪ್ರಶ್ನೆಯಲ್ಲಿ. ‘ತಂದೆಯ ಆಸ್ತಿ’ ಅಂದರೆ ಯಾವುದು? ಅವನು ಸ್ವಂತ ಸಂಪಾದಿಸಿದ್ದು ಮಾತ್ರವಾ? ಪಿತ್ರಾರ್ಜಿತದಲ್ಲಿ ಅವನ ಕೈಗೆ ಬರುವ ಪಾಲು ಅವನ ಆಸ್ತಿ ಅಲ್ವಾ? 2002ರ ಕೊನೆಯಿಂದ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು ಪಿತ್ರಾರ್ಜಿತದ ಮಾತೇ ಎತ್ತಬೇಡಿ ಅಂದಿದ್ದವು.

ಈ ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ಮಾರ್ಚ್ 31ರಂದು, ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಅಶೋಕ್ ಕುಮಾರ್ ಗಂಗೂಲಿ ಆ ಹಳೆಯ ತೀರ್ಪುಗಳನ್ನು ಒಪ್ಪಲಿಲ್ಲ. ಅವರ ವಾದ ಸರಳ. ಕಾಯ್ದೆಯಲ್ಲಿ ‘ಆಸ್ತಿ’ ಅಂತಷ್ಟೇ ಇದೆ, ಸ್ವಯಾರ್ಜಿತ ಆಸ್ತಿ ಅಂತ ಇಲ್ಲ. ಅಪ್ಪ–ಅಮ್ಮನ ಸಂಬಂಧಕ್ಕೆ ಕಾನೂನಿನ ಒಪ್ಪಿಗೆ ಇಲ್ಲದಿದ್ದರೂ ಮಗುವಿನ ಹುಟ್ಟನ್ನು ಬೇರೆಯಾಗಿ ನೋಡಬೇಕು. ಆದರೆ ಹಳೆಯ ತೀರ್ಪುಗಳೂ ಅದೇ ಕೋರ್ಟಿನವು. ಹಾಗಾಗಿ ದೊಡ್ಡ ಪೀಠಕ್ಕೆ ಕಳಿಸಿದರು. ಕಳಿಸಿದ ಮೇಲೆ ಹನ್ನೆರಡು ವರ್ಷ. ಈ ನಡುವೆ ನಮ್ಮ ಕೋರ್ಟುಗಳಲ್ಲಿ "ರೆಫರೆನ್ಸ್ ಇನ್ನೂ ಇತ್ಯರ್ಥ ಆಗಿಲ್ಲ ಸ್ವಾಮಿ" ಅಂತ ಎಷ್ಟು ಮುಂದೂಡಿಕೆ ತೆಗೆದುಕೊಂಡಿದ್ದೇವೋ ಲೆಕ್ಕ ಇಟ್ಟವರಿಲ್ಲ. ನಾನೂ ತೆಗೆದುಕೊಂಡಿದ್ದೇನೆ.

ಸತ್ತ ಕ್ಷಣದ ಹಿಂದಿನ ಕ್ಷಣ

2023ರ ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಜೆ.ಬಿ. ಪಾರ್ದಿವಾಲಾ, ಮನೋಜ್ ಮಿಶ್ರಾ ಅವರ ಪೀಠ ಉತ್ತರ ಕೊಟ್ಟಿತು. ಎರಡು ಮಾತು. ಒಂದು, ಈ ಮಕ್ಕಳು ಸಕ್ರಮ ಮಕ್ಕಳೇ, ಆದರೆ ಹುಟ್ಟಿನಿಂದ ಪಾಲುದಾರರಲ್ಲ. ಪಾಲುದಾರರು ಅಂದುಬಿಟ್ಟರೆ ಬೇರೆಯವರ ಆಸ್ತಿಗೂ ಕೈಹಾಕಿದಂತಾಗುತ್ತೆ, ಮೂರನೇ ಉಪಕಲಮು ಅದನ್ನು ಬಿಡೋದಿಲ್ಲ. ಎರಡು, ಪಿತ್ರಾರ್ಜಿತದಲ್ಲಿ ಅಪ್ಪನಿಗೆ ಸೇರಬೇಕಾದ ಪಾಲು ಅಪ್ಪನ ಆಸ್ತಿಯೇ. ಅದರಲ್ಲಿ ಈ ಮಕ್ಕಳು ವಾರಸುದಾರರು.

ಆ ಪಾಲು ಎಷ್ಟು ಅಂತ ಗೊತ್ತಾಗೋದು ಹೇಗೆ? ಬದುಕಿರುವಾಗ ಯಾರೂ ಪಾಲಾಗದಿದ್ದರೆ? ಇದಕ್ಕೆ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನಲ್ಲಿ ಒಂದು ಉಪಾಯ ಇದೆ. ಸಾಯುವ ಮುಂಚಿನ ಕ್ಷಣದಲ್ಲಿ ಮನೆ ಪಾಲಾಯಿತು ಅಂತ ಊಹಿಸಿಕೊಳ್ಳಬೇಕು. ಆ ಊಹೆಯ ಪಾಲಿನಲ್ಲಿ ಸತ್ತವನಿಗೆ ಎಷ್ಟು ಬರುತ್ತಿತ್ತೋ ಅಷ್ಟು ಅವನದು. ಅದನ್ನು ವಾರಸುದಾರರು ಹಂಚಿಕೊಳ್ಳಬೇಕು.

ಮೇಜಿನ ಮೇಲಿದ್ದ ಹಳೇ ಕಾಸ್ ಲಿಸ್ಟಿನ ಹಿಂಬದಿಯಲ್ಲಿ ಆ ಹುಡುಗನಿಗೆ ಲೆಕ್ಕ ಬರೆದು ತೋರಿಸಿದೆ. ಹೈಕೋರ್ಟಿನ ರೀತಿಯಲ್ಲೇ ಹೋದರೆ 15 ಎಕರೆ ಮೂರು ಭಾಗ. ಮೊದಲ ಸಂಸಾರದ ಒಂದೊಂದು ಮಗುವಿಗೆ 5 ಎಕರೆ, ಅಪ್ಪನಿಗೆ 5 ಎಕರೆ. ಅಪ್ಪ ವಿಲ್ ಬರೆಯದೆ ಸತ್ತರೆ ಆ 5 ಎಕರೆಗೆ ಐದು ವಾರಸುದಾರರು: ಮೊದಲ ಹೆಂಡತಿ, ಆಕೆಯ ಇಬ್ಬರು, ಎರಡನೇ ಹೆಂಡತಿಯ ಇಬ್ಬರು. ತಲಾ ಒಂದು ಎಕರೆ. ಕೊನೆಗೆ ಮೊದಲ ಸಂಸಾರದ ಮಕ್ಕಳಿಗೆ 6, 6. ಎರಡನೇ ಸಂಸಾರದ ಮಕ್ಕಳಿಗೆ 1, 1. ಮೊದಲ ಹೆಂಡತಿಗೆ 1. ಕೂಡಿದರೆ 15.

ಇದೇ ಜಮೀನು ಪೂರ್ತಿ ಸ್ವಯಾರ್ಜಿತ ಆಗಿದ್ದರೆ ಐದೂ ಜನಕ್ಕೆ 3 ಎಕರೆಯಂತೆ. ಅಂದರೆ ‘ಪಿತ್ರಾರ್ಜಿತ’ ಅನ್ನೋ ಒಂದು ಪದ ಎರಡನೇ ಸಂಸಾರದ ಒಂದೊಂದು ಮಗುವಿನಿಂದ ಎರಡೆರಡು ಎಕರೆ ಕಿತ್ತುಕೊಳ್ಳುತ್ತೆ. ಮೊದಲ ಹೆಂಡತಿಯಿಂದಲೂ ಎರಡು ಎಕರೆ ಹೋಗುತ್ತೆ. ತನ್ನ ಮಕ್ಕಳ ಪರ ನಿಂತು ವರ್ಷಗಟ್ಟಲೆ ಕೋರ್ಟಿಗೆ ಅಲೆದವಳ ಪಾಲು, ಸವತಿಯ ಮಗುವಿನ ಪಾಲಿನಷ್ಟೇ.

ಮೊದಲ ಸಂಸಾರದಲ್ಲಿ ಹೆಣ್ಣುಮಗಳಿದ್ದರೆ ಅವಳನ್ನೂ ಹುಟ್ಟಿನ ಪಾಲುದಾರಳಾಗಿ ಎಣಿಸಲೇಬೇಕು. 1994ರಲ್ಲೇ ಕರ್ನಾಟಕ ಮದುವೆಯಾಗದ ಹೆಣ್ಣುಮಕ್ಕಳಿಗೆ ಇದನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂತು. ಅಪ್ಪ ಆ ದಿನ ಬದುಕಿರಬೇಕಿತ್ತಾ ಅನ್ನೋ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು, ಬೇಕಿಲ್ಲ ಅಂದಿತು.

ವಿಲ್ ಇದ್ದರೆ ಈ ಲೆಕ್ಕ ಎಲ್ಲ ತಲೆಕೆಳಗು. ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನ ಪ್ರಕಾರ ಕೂಡುಕುಟುಂಬದ ಆಸ್ತಿಯಲ್ಲಿನ ತನ್ನ ಪಾಲನ್ನೂ ಒಬ್ಬ ಹಿಂದೂ ವಿಲ್ ಮಾಡಬಹುದು. ನಮ್ಮ ಅಪ್ಪ ಮನಸ್ಸು ಮಾಡಿದರೆ ತನ್ನ 5 ಎಕರೆಯನ್ನು ಪೂರ್ತಿ ಎರಡನೇ ಹೆಂಡತಿಗೋ ಅವಳ ಮಕ್ಕಳಿಗೋ ಬರೆಯಬಹುದು. ಮೊದಲ ಮನೆಯವರಿಗೇ ಬರೆದು ಎರಡನೆಯವರನ್ನು ಕೈಬಿಡಲೂಬಹುದು. ನಮ್ಮೂರ ಗಂಡಸರು ಎರಡು ಮದುವೆಗೆ ಧೈರ್ಯ ಮಾಡುತ್ತಾರೆ, ಒಂದು ವಿಲ್ ಬರೆಯೋಕೆ ಮಾತ್ರ ‘ಈಗಲೇ ಯಾಕೆ ಸಾಯೋ ಮಾತು’ ಅನ್ನುತ್ತಾರೆ.

"ನಂಗೇನೂ ಇಲ್ವಾ ಸಾರ್?"

ಅಲ್ಲಿವರೆಗೂ ಸೆರಗಿನ ತುದಿ ಸುತ್ತುತ್ತಾ ಕೂತಿದ್ದ ತಾಯಿ ಕೇಳಿದ್ದು ಇದೊಂದೇ ಮಾತು. ಮಗನ ಲೆಕ್ಕದಲ್ಲಿ ಆಕೆಯ ಹೆಸರು ಎಲ್ಲೂ ಬಂದಿರಲಿಲ್ಲ.

ಉತ್ತರಾಧಿಕಾರದಲ್ಲಿ ಇಲ್ಲ. 16ನೇ ಕಲಮು ಮಕ್ಕಳನ್ನು ಎತ್ತಿಕೊಂಡಿತು, ತಾಯಿಯನ್ನು ಅಲ್ಲೇ ಬಿಟ್ಟಿತು. ಶೂನ್ಯ ಮದುವೆಯ ಹೆಂಡತಿ ಕಾಯ್ದೆಯ ಕಣ್ಣಲ್ಲಿ ವಿಧವೆ ಅಲ್ಲ. ಮೂವತ್ತು ವರ್ಷ ಅದೇ ಹೊಲದಲ್ಲಿ ಕಳೆ ಕಿತ್ತಿದ್ದರೂ ಅಲ್ಲ.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಆಕೆಯ ಒಡವೆ, ತವರಿನಿಂದ ತಂದದ್ದು, ಆಕೆಯ ಹೆಸರಿಗೇ ದಾನಪತ್ರವಾಗಿ ನೋಂದಣಿಯಾದ ಆಸ್ತಿ ಆಕೆಯದ್ದೇ. ವಿಲ್ ಮೂಲಕ ಬಂದದ್ದೂ ಅಷ್ಟೇ. ಜೀವನಾಂಶದ ವಿಷಯದಲ್ಲಿ ಕಾನೂನು ನಿಧಾನಕ್ಕೆ ಮೆತ್ತಗಾಗುತ್ತಿದೆ. 2005ರಲ್ಲಿ ಸುಪ್ರೀಂ ಕೋರ್ಟು ಎರಡನೇ ಹೆಂಡತಿಗೆ ಜೀವನಾಂಶ ಇಲ್ಲ ಅಂದಿತ್ತು. 2013ರಲ್ಲಿ, ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸ ಮಾಡಿದ ಗಂಡ ‘ನೀನು ಹೆಂಡತಿಯೇ ಅಲ್ಲ’ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂದಿತು. 2025ರ ಫೆಬ್ರುವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಮದುವೆ ಶೂನ್ಯ ಅಂತ ಘೋಷಣೆಯಾದರೂ ವಿವಾಹ ಕಾಯ್ದೆಯ 25ನೇ ಕಲಮಿನ ಕೆಳಗೆ ಶಾಶ್ವತ ಜೀವನಾಂಶ ಕೇಳಬಹುದು ಅಂದಿತು. ಕೊಡೋದು ಬಿಡೋದು ಕೋರ್ಟಿನ ವಿವೇಚನೆ, ಕೇಳಿದವರ ನಡತೆಯನ್ನೂ ನೋಡುತ್ತೆ.

ನಾಮಿನಿ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಪಿಎಫ್ ಫಾರಂನಲ್ಲಿ ಎರಡನೇ ಹೆಂಡತಿಯ ಹೆಸರಿದ್ದರೆ ದುಡ್ಡೆಲ್ಲ ಅವಳದ್ದೇ ಅಂದುಕೊಳ್ಳುತ್ತಾರೆ. ನಾಮಿನಿ ಅಂದರೆ ಕೈಯೊಡ್ಡಿ ಇಸಕೊಳ್ಳುವವರು, ಒಡೆಯರಲ್ಲ. ಕಲ್ಲಿದ್ದಲು ಗಣಿ ಕಂಪನಿಯ ನೌಕರನೊಬ್ಬನ ಕೇಸಿನಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಮಾಡಿದ್ದು ಇದನ್ನೇ. ಉತ್ತರಾಧಿಕಾರ ಪ್ರಮಾಣಪತ್ರವನ್ನು ನಾಮಿನಿಯಾಗಿದ್ದ ಎರಡನೇ ಹೆಂಡತಿಯ ಕೈಗೇ ಕೊಟ್ಟಿತು. ಆದರೆ ಹಣದಲ್ಲಿ ಅವಳ ನಾಲ್ಕು ಮಕ್ಕಳಿಗೂ ಮೊದಲ ಹೆಂಡತಿಗೂ ತಲಾ 1/5 ಅಂದಿತು. ಹಣ ತಂದು ಹಂಚುವ ಕೆಲಸ ಅವಳದು, ಪಾಲು ಅವಳಿಗಿಲ್ಲ.

ಅನುಕಂಪದ ನೌಕರಿಯಲ್ಲೂ ಮಕ್ಕಳ ಕಡೆಗೇ ಗಾಳಿ ಬೀಸುತ್ತಿದೆ. ಎರಡನೇ ಮದುವೆಯ ಮಗು ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬೇಡಿ ಅಂತ 2018ರಲ್ಲಿ ಸುಪ್ರೀಂ ಕೋರ್ಟು, 2021ರಲ್ಲಿ ನಮ್ಮ ಹೈಕೋರ್ಟು ಹೇಳಿವೆ.

ಮದುವೆ ಆಗಿತ್ತು ಅಂತ ಯಾರು ಹೇಳಬೇಕು

ಈ ಕೇಸಿನಲ್ಲಿ ನನಗೆ ಸ್ವಾರಸ್ಯ ಅನ್ನಿಸಿದ ಒಂದು ಎಳೆ ಇದೆ. ತೀರ್ಪಿನ ಸುದ್ದಿ ಬರೆದವರು ಯಾರೂ ಅದನ್ನು ಎತ್ತಿದ ಹಾಗೆ ಕಾಣಲಿಲ್ಲ.

16ನೇ ಕಲಮು ಸಹಾಯಕ್ಕೆ ಬರಬೇಕಾದರೆ ಮೊದಲು ಒಂದು ಮದುವೆ ಆಗಿರಬೇಕು. ಶೂನ್ಯವಾದರೂ ಮದುವೆ. ಶಾಸ್ತ್ರವೋ ರೂಢಿಯೋ, ಒಂದು ಕ್ರಮ ನಡೆದಿರಬೇಕು. ಬರೀ ಜೊತೆಗಿದ್ದರು ಅಂದರೆ ಈ ಕಲಮಿನೊಳಗೆ ಬರೋದು ಕಷ್ಟ. ತುಂಬಾ ವರ್ಷ ಗಂಡ–ಹೆಂಡಿರ ಹಾಗೆ ಬಾಳಿದ್ದರೆ ಮದುವೆ ಆಗಿದೆ ಅಂತ ಕೋರ್ಟು ಊಹಿಸುತ್ತೆ, ನಿಜ. 1978ರಲ್ಲಿ ಐವತ್ತು ವರ್ಷ ಜೊತೆಗಿದ್ದ ಜೋಡಿಯ ಕೇಸಿನಲ್ಲಿ ಹಾಗೆ ಊಹಿಸಿತ್ತು. ಮೊದಲ ಹೆಂಡತಿ ಕಣ್ಣೆದುರಿಗೇ ಇರುವಾಗ ಆ ಊಹೆಯನ್ನು ಎಳೆದು ತರೋದು ಅಷ್ಟು ಸಲೀಸಲ್ಲ. ಹಾಗಾಗಿ ಎರಡನೇ ಸಂಸಾರದ ಮಕ್ಕಳು ಕಟಕಟೆ ಹತ್ತಿ ‘ನಮ್ಮಪ್ಪ–ಅಮ್ಮನ ಮದುವೆ ಆಗಿತ್ತು, ಆದರೆ ಅದು ನಡೆಯೋದಿಲ್ಲ’ ಅಂತ ಸಾಬೀತು ಮಾಡಬೇಕಾದ ವಿಚಿತ್ರ ಪರಿಸ್ಥಿತಿ. ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಫೋಟೊ, ಮದುವೆ ಮಾಡಿಸಿದ ಐನೋರ ಸಾಕ್ಷಿ, ಶಾಲೆಯ ದಾಖಲಾತಿ ಪುಸ್ತಕ, ರೇಷನ್ ಕಾರ್ಡು, ಎಲ್ಲ ಹುಡುಕಬೇಕು.

ಆದರೆ ಇಲ್ಲಿ? ಎದುರು ಪಾರ್ಟಿ ‘ಅವಳೇ ಧರ್ಮಪತ್ನಿ’ ಅಂದಿತು. ವಾದಿಗಳೂ ‘ಮೊದಲ ಮದುವೆ ಇದ್ದ ಹಾಗೇ ಇನ್ನೊಂದು ಮದುವೆ ಮಾಡಿಕೊಂಡ’ ಅಂದರು. ಒಬ್ಬರು ಊರ್ಜಿತ ಅಂದರು, ಇನ್ನೊಬ್ಬರು ಶೂನ್ಯ ಅಂದರು. ಮದುವೆ ನಡೆದದ್ದನ್ನು ಇಬ್ಬರೂ ಒಪ್ಪಿದಂತಾಯಿತು! ಎರಡನೇ ಮದುವೆ ಶೂನ್ಯ ಅಂತ ವಾದಿಗಳು ಗೆದ್ದ ಕೂಡಲೇ ಆ ಮಕ್ಕಳಿಗೆ 16ನೇ ಕಲಮಿನ ಬಾಗಿಲು ತೆರೆಯಿತು. ತೆರೆದವರು ವಾದಿಗಳೇ. ಅವರ ವಕೀಲರ ಜಾಗದಲ್ಲಿ ನಾನಿದ್ದರೂ ಬೇರೆ ಥರ ಬರೆಯುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ‘ಮದುವೆಯೇ ಆಗಿಲ್ಲ, ಸುಮ್ನೆ ಇಟ್ಟುಕೊಂಡಿದ್ದ’ ಅಂತ ದಾವೆಯಲ್ಲಿ ಬರೆಯೋದು ಸುಲಭ. ಆಮೇಲೆ ಊರಿನ ಸಾಕ್ಷಿಗಳು ಬಂದು ‘ಊಟ ಮಾಡಿದ್ವಿ ಸಾಹೇಬ್ರೆ, ಹೋಳಿಗೆ ಹಾಕಿದ್ರು’ ಅಂದರೆ ಇಡೀ ಕೇಸೇ ಸಡಿಲ.

ಅಪ್ಪ ಸತ್ತ ಮೇಲೆ

ಆ ಹುಡುಗನ ಅಪ್ಪ ತೀರಿಹೋಗಿ ಆಗಲೇ ವರ್ಷವಾಗಿತ್ತು. ಪೌತಿ ಖಾತೆ, ಅಂದರೆ ಸತ್ತವರ ಜಮೀನಿನ ಖಾತೆ ಬದಲಾವಣೆ, ಮೊದಲ ಮನೆಯವರ ಹೆಸರಿಗೆ ಆಗಿಬಿಟ್ಟಿತ್ತು. ನಾಡಕಚೇರಿಗೆ ಕೊಟ್ಟ ವಂಶವೃಕ್ಷದಲ್ಲಿ ಇವನ ಹೆಸರೂ ಇಲ್ಲ, ತಂಗಿಯ ಹೆಸರೂ ಇಲ್ಲ. ಮಹಜರು ಮಾಡೋಕೆ ಬಂದವರಿಗೆ ಎರಡನೇ ಮನೆ ಎಲ್ಲಿದೆ ಅಂತ ಯಾರೂ ತೋರಿಸಲಿಲ್ಲ, ಅಷ್ಟೇ. ಇದು ಬಹಳ ಮಾಮೂಲು. ಖಾತೆ ಆದ ಮಾತ್ರಕ್ಕೆ ಹಕ್ಕು ಹೋಗೋದಿಲ್ಲ, ಅದು ಕಂದಾಯ ಕಟ್ಟುವವರ ಹೆಸರು, ಒಡೆತನದ ಪತ್ರ ಅಲ್ಲ. ಆದರೆ ಖಾತೆ ಹಿಡಿದು ಯಾರಿಗಾದರೂ ಮಾರಿಬಿಟ್ಟರೆ ಕೊಂಡವನನ್ನೂ ಪಾರ್ಟಿ ಮಾಡಬೇಕು, ಕೇಸು ಉದ್ದ ಆಗುತ್ತೆ. ಅದಕ್ಕೇ ಮಾರಾಟಕ್ಕೆ ತಡೆಯಾಜ್ಞೆ ಕೇಳಿಕೊಂಡು ಪಾಲಿನ ದಾವೆ ಹಾಕಿ, ಪಾಲು ಅಂತ ಕೇಳುವಾಗ ಅಪ್ಪನ ಪಾಲಿನಲ್ಲಿ ಅಂತ ಬರೆಯಿರಿ ಅಂದೆ. ಇಡೀ ಜಮೀನಿನಲ್ಲಿ ಸಮಪಾಲು ಅಂತ ಕೇಳಿದರೆ ಮೊದಲ ದಿನವೇ ಎದುರು ವಕೀಲರು 2023ರ ತೀರ್ಪನ್ನೇ ನಿಮ್ಮ ಮೇಲೆ ಎಸೆಯುತ್ತಾರೆ.

ಗೆದ್ದರೂ ಮೊದಲು ಸಿಗೋದು ಪ್ರಾಥಮಿಕ ಡಿಕ್ರಿ, ಅಂದರೆ ಭಿನ್ನರಾಶಿ. ಅದರಲ್ಲಿ ‘1/15’ ಅಂತಷ್ಟೇ ಇರುತ್ತೆ. ಆಮೇಲೆ ಅಂತಿಮ ಡಿಕ್ರಿಯ ಅರ್ಜಿ ಹಾಕಬೇಕು. ಕಂದಾಯ ಜಮೀನಾದ್ದರಿಂದ ಕಾಗದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಅಲ್ಲಿಂದ ತಹಸೀಲ್ದಾರರಿಗೆ ಇಳಿದು, ಸರ್ವೆಯವರ ಸರದಿ ಬರಬೇಕು. ಅವತ್ತು ಎರಡೂ ಮನೆಯವರು ಹೊಲದ ಬದುವಿನ ಮೇಲೆ ನಿಂತಿರುತ್ತಾರೆ. ಸರಪಳಿ ಎಳೆಯೋಕೆ ಶುರುಮಾಡುವಾಗ ಎಲ್ಲರೂ ಕೇಳೋದು ಒಂದೇ: ಆ ಒಂದು ಎಕರೆ ಬಾವಿಯ ಕಡೆಯಿಂದ ಅಳೀತೀರೋ, ಕಲ್ಲು ಬಿದ್ದಿರೋ ಮೂಲೆಯಿಂದಲೋ?